ಮಾವನ ಹಲ್ಲಿನ ಹಗೇವು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಸೋದರಮಾವ ಮಾತು ನಿಲ್ಲಿಸಿದರು. ಗುಂಡ್ಲುಪೇಟೆಯ ಜನಕ್ಕೆ ಇದಕ್ಕಿಂತ ದೊಡ್ಡ ಅಪಶಕುನ ಬೇಕೆ? ನಿದ್ದೆಯಲ್ಲೂ ಅರಿಸಿನದ ಧಾರಣೆ ಒದರುತ್ತಿದ್ದ ಮನುಷ್ಯ! ಅತ್ತೆ ಹೊತ್ತ ಹರಕೆಗಳೆಲ್ಲ ಒಟ್ಟಿಗೇ ಫಲಿಸಿದವೆಂದು ಅಂಗಡಿಯ ಆಳುಗಳು ನಕ್ಕರು. ನನಗೆ ನಗು ಬರಲಿಲ್ಲ. ಮಾವನ ಗದ್ದದ ಕೆಳಗೆ ಊತ ಕಂಡಿತ್ತು.

ಮಾವ ಅರಿಸಿನದ ವ್ಯಾಪಾರಿ. ಒಣಗಿದ ಅರಿಸಿನವನ್ನು ನೆಲದೊಳಗಿನ ಹಗೇವಿಗೆ ತುಂಬಿ, ಹುಲ್ಲು ಮುಚ್ಚಿ, ಬಾಯಿಗೆ ಮಣ್ಣು ಮೆತ್ತಿ, ಒಳ್ಳೆಯ ಬೆಲೆ ಬರುವವರೆಗೆ ಕಾಯುವುದು ಅವರ ಕಸುಬು. ಗಾಳಿಯಿಲ್ಲದೆ ಹುಳ ಸಾಯುತ್ತದೆ, ಮಾಲು ಉಳಿಯುತ್ತದೆ. ಜಗತ್ತಿನ ಸಕಲ ಕಷ್ಟಕ್ಕೂ ಅವರ ಬಳಿ ಇದೊಂದೇ ಮದ್ದು. ಒಮ್ಮೆ ನನ್ನ ಟ್ರಂಕಿನ ಸಂದಿಗಳಿಗೂ ಜೇಡಿಮಣ್ಣು ಮೆತ್ತಿ ಮೈಸೂರಿಗೆ ಕಳಿಸಿದ್ದರು. ಹಾಸ್ಟೆಲಿನಲ್ಲಿ ಕಲ್ಲಿನಿಂದ ಕುಟ್ಟಿ ಪಂಚೆ ತೆಗೆದುಕೊಂಡೆ!

ಆ ವರ್ಷ ಅವರ ದವಡೆ ಹಲ್ಲು ಟೊಳ್ಳಾಯಿತು. ಒಸಡಿನಲ್ಲಿ ರಕ್ತ, ಬಾಯಲ್ಲಿ ನಾತ. ಮಾವ ಜೇನುಮೇಣಕ್ಕೆ ಅರಿಸಿನ ಕಲಸಿ ಟೊಳ್ಳಿಗೆ ತುರುಕಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚಿದರು.

"ಚಾಮರಾಜನಗರಕ್ಕೆ ಹೋಗಿ ಕೀಳಿಸಿಬಿಡೋಣ ಮಾವ," ಎಂದೆ.

"ಹಗೇವಿನ ಬಾಯಿ ಮುಚ್ಚುದ್ಮೇಲೆ ಹುಳ ಬದುಕ್ತದೇನ್ಲಾ? ಕಾಲೇಜು ಓದ್ಬುಟ್ಟೂ ಇಷ್ಟು ತಿಳೀನಿಲ್ವಲ್ಲ."

ಒಲೆಯ ಮುಂದಿನಿಂದ ಅತ್ತೆ ಹೇಳಿದರು: "ಅವ್ರ ಬಾಯ್ನೇ ಮೆತ್ಬುಡು ಕಣಪ್ಪ. ನಮ್ಗೂ ಒಸಿ ನೆಮ್ದಿ."

ಅದಾಗಿ ಕೆಲವೇ ದಿನಕ್ಕೆ ಆ ಮೂರು ಹತ್ತು. ಕತ್ತು ಹಲಗೆಯಂತೆ ಗಟ್ಟಿಯಾಗಿತ್ತು. ನಾಲಿಗೆ ಮೇಲಕ್ಕೆದ್ದು ಜೊಲ್ಲು ನುಂಗಲೂ ಆಗುತ್ತಿರಲಿಲ್ಲ. ಸಿಕ್ಕಿದ ಬಸ್ಸಿಗೆ ಹತ್ತಿಸಿದೆವು. ಉಸಿರಿಗೆ ಒದ್ದಾಡುತ್ತಲೇ ಮಾವ ಕಿಟಕಿಯ ಪರದೆ ಇಳಿಸಿದರು. ಹಲ್ಲಿಗೆ ಗಾಳಿ ತಗುಲಬಾರದಲ್ಲ!

"ಉಸ್ರಿಗೇ ಗಾಳಿ ಸಾಲ್ದು, ಇವ್ರ್ಗೆ ಹಲ್ಲಿನ ಚಿಂತೆ," ಎಂದು ಅತ್ತೆ ಎತ್ತಿದರು. ಮಾವ ಇಳಿಸಿದರು. ಅತ್ತೆ ಎತ್ತಿದರು. ತೆರಕಣಾಂಬಿಯವರೆಗೂ ಇದೇ ಜಗಳ. ಆಮೇಲೆ ಮಾವ ಕೈ ಎತ್ತಲಿಲ್ಲ. ಪರದೆ ತೆರೆದೇ ಇತ್ತು. ಅತ್ತೆ ಅಳತೊಡಗಿದರು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಡಾಕ್ಟರು ಇಕ್ಕಳದಿಂದ ಮೇಣ ಕಿತ್ತಾಗ ಬಂದ ನಾತಕ್ಕೆ ನಾನು ಗೋಡೆ ಹಿಡಿದು ನಿಂತೆ. ಇದೇನು ಹಳದಿ ಎಂದು ಕೇಳಿದರು. ಹಗೇವಿನ ಸಿದ್ಧಾಂತ ವಿವರಿಸಿದೆ. ಅವರು ನಗಲಿಲ್ಲ.

"ಅರಿಸಿನದ ಹುಳಕ್ಕೆ ಗಾಳಿ ಬೇಕು. ಒಸಡಿನ ಸಂದಿಯಲ್ಲಿರೋ ಈ ಕ್ರಿಮಿಗಳಿಗೆ ಗಾಳಿಯೇ ವಿಷ. ಇವರು ಮುಚ್ಚಿ, ಅವಕ್ಕೆ ಮನೆ ಕಟ್ಟಿಕೊಟ್ಟಿದ್ದಾರೆ. ಕೀವು ನಾಲಿಗೆ ಕೆಳಗೆ ಇಳಿದಿದೆ. ಉಸಿರಿನ ದಾರಿ ಮುಚ್ಚೋ ಮುಂಚೆ ಕೊಯ್ಯಬೇಕು. ಉಳೀತಾರೆ ಅಂತ ಮಾತು ಕೊಡಲಾರೆ."

ಹಲ್ಲು ಕಿತ್ತರು. ಗದ್ದದಡಿ ಕೊಯ್ದು ಕೀವು ಬಸಿದು, ರಬ್ಬರ್ ನಳಿಗೆ ಇಟ್ಟು, ಗಾಯವನ್ನು ಹೊಲಿಯದೆ ಬಿಟ್ಟರು. ಪೆನಿಸಿಲಿನ್ ಸೂಜಿ ಶುರುವಾಯಿತು. ಎಚ್ಚರವಾದೊಡನೆ ಮಾವ ಮಾಡಿದ ಮೊದಲ ಕೆಲಸವೇನು ಗೊತ್ತೆ? ಹೆಬ್ಬೆರಳಿನಿಂದ ಆ ಗಾಯವನ್ನು ಮುಚ್ಚಲು ಹೋದದ್ದು! ಅತ್ತೆ ಆ ಕೈ ಹಿಡಿದುಕೊಂಡರು. ಮತ್ತೆ ಬಿಡಲಿಲ್ಲ.

ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದಕ್ಕೆ ಮಾವ ಕೂತೇ ಇದ್ದರು, ಅತ್ತೆಯೂ ಕೂತೇ ಇದ್ದರು. ಜ್ವರ ಇಳಿಯಲಿಲ್ಲ. ಡಾಕ್ಟರು ಬಂದು ಗಾಯ ನೋಡಿ ಮತ್ತೊಂದು ಸೂಜಿ ಬರೆದು ಹೋಗುತ್ತಿದ್ದರು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಆ ಮೌನ ನನ್ನ ಕಿವಿಯಿಂದ ಹೋಗಿಲ್ಲ. ಈಗಲೂ ಯಾರಾದರೂ ಮಾತಿನ ಮಧ್ಯೆ ತಡೆದರೆ ನಾನು ಅವರ ಗದ್ದ ನೋಡುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು ಒಳಗೆ ಹೋದೆ. ಮಾವ ದಿಂಬಿಗೆ ತಲೆಯಿಟ್ಟು ಮಲಗಿದ್ದರು, ಉಸಿರು ಸರಾಗವಾಗಿ ಆಡುತ್ತಿತ್ತು, ಕಣ್ಣು ಆಗಷ್ಟೇ ತೆರೆದಿತ್ತು. ಅತ್ತೆ ಮಂಚದ ಅಂಚಿಗೆ ತಲೆಯಿಟ್ಟು ನಿದ್ದೆಹೋಗಿದ್ದರು. ನಾನು ಅತ್ತೆಯನ್ನು ಕೂಗಲು ಬಾಯಿ ತೆರೆದೆ. ಮಾವ ಬೇಡವೆಂದು ತಲೆಯಾಡಿಸಿದರು. ಎಷ್ಟೋ ದಿನಗಳ ಮೇಲೆ ಅವರ ಗಂಟಲಿನಿಂದ ಸ್ವರ ಹೊರಟಿತು, ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ:

"ಸುಮ್ಕಿರ್ಲಾ. ರಾತ್ರೆಲ್ಲಾ ಎದ್ದಿದ್ದು ಈಗ ಮಲ್ಗವ್ಳೆ."