ಸೀನುವ ಮರಕ್ಕೆ ಸಿರಪ್ಪು

"ಒಂದು ಅಲರ್ಜಿ ಸಿರಪ್ಪು ತರೋದಕ್ಕೆ ನೀನು ರಜೆ ಹಾಕ್ಬೇಕಾ? ನಾನಿಲ್ವಾ!" ಗಣಿತದ ಮೇಷ್ಟ್ರು ಎದೆ ಉಬ್ಬಿಸಿ ಹೆಂಡತಿಗೆ ಘೋಷಿಸಿದರು.

ಮಗಳು ಪುಟ್ಟಿಗೆ ನಿನ್ನೆಯಿಂದ ಒಂದೇ ಸಮನೆ ಸೀನು. ಸಂಜೆ ಶಾಲೆಯ ನಾಟಕದಲ್ಲಿ ಅವಳದು ಮರದ ಪಾತ್ರ. ಮಾತಿಲ್ಲ, ಹಾಡಿಲ್ಲ, ಅಲ್ಲಾಡದೆ ನಿಂತರೆ ಸಾಕು. ಆದರೆ ಮರ ಸೀನಬಾರದಲ್ಲ! ನಿಂತಲ್ಲೇ ತೂಕಡಿಸಲೂಬಾರದು.

"ನಿದ್ದೆ ಬರಿಸದ ಸಿರಪ್ಪೇ ತನ್ನಿ ಅಂದಿದ್ದಾರೆ ಡಾಕ್ಟರು. ಎಷ್ಟು ಕೊಡೋದು ಅನ್ನೋದು ಮಗು ತೂಕದ ಮೇಲಂತೆ. ಪುಟ್ಟಿ ತೂಕ ಈಗ..." ಹೆಂಡತಿ ಚಪ್ಪಲಿ ಮೆಟ್ಟುತ್ತಾ ಹೇಳತೊಡಗಿದಳು.

"ನನ್ನ ಮಗಳ ತೂಕ ನನಗೇ ಹೇಳಿಕೊಡ್ತೀಯಾ? ಹೊರಡು, ಹೊರಡು!"

ಪುಟ್ಟಿಯನ್ನೂ ಕರೆದುಕೊಂಡು ಬಂದ ಮೇಷ್ಟ್ರ ಮುಂದೆ ಔಷಧಿ ಅಂಗಡಿಯಾಕೆ ಸಿರಪ್ಪಿನ ಬಾಟಲಿ ಇಟ್ಟು ಕೇಳಿದಳು, "ಮಗು ತೂಕ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹದಿನೈದು... ಇಪ್ಪತ್ತು... ಇಪ್ಪತ್ತೈದರ ಒಳಗಂತೂ ಗ್ಯಾರಂಟಿ."

"ಸಾರ್, ಇದು ಹರಾಜಲ್ಲ! ಸರಿಯಾದ ತೂಕ ಬೇಕು. ನಮ್ಮ ತೂಕದ ಮಿಷನ್ನು ಕೆಟ್ಟು ಕೂತಿದೆ. ಮನೆಯವರಿಗೆ ಒಂದು ಫೋನ್ ಮಾಡಿ ಕೇಳ್ಬಿಡಿ."

ತೂಕಡಿಕೆ ತರದ ಸಿರಪ್ಪಿಗೆ ತೂಕವೇ ಅಡ್ಡ ಬಂತು! ಮೇಷ್ಟ್ರ ಕೈ ಫೋನಿನವರೆಗೂ ಹೋಯಿತು, ಮಾನ ಮರ್ಯಾದೆ ನೆನಪಾಗಿ ಹಿಂದಕ್ಕೆ ಬಂತು. ಅಷ್ಟರಲ್ಲಿ ಎದುರಿನ ಗುಜರಿ ಅಂಗಡಿಯ, ಅಂಕಿ-ಮುಳ್ಳಿನ ದೊಡ್ಡ ತಕ್ಕಡಿ ಕಣ್ಣಿಗೆ ಬಿತ್ತು. ಪುಟ್ಟಿಯ ಕೈ ಹಿಡಿದು ರಸ್ತೆ ದಾಟಿದವರೇ, ತಕ್ಕಡಿಯ ಮೇಲಿದ್ದ ಹಳೇ ಪೇಪರಿನ ಕಟ್ಟನ್ನು ಕೆಳಗೆ ದಬ್ಬಿ, ಮಗಳನ್ನು ಕೂರಿಸಿದರು. ಎದ್ದ ಧೂಳಿನಲ್ಲಿ ಅಂಗಡಿಯೇ ಮಾಯ!

ಒಳಗಿನಿಂದ ಅಂಗಡಿಯವನು ಕೂಗಿದ, "ಸಾರ್, ಮಕ್ಕಳನ್ನ ತಗೊಳ್ಳಲ್ಲ! ಪೇಪರು, ಕಬ್ಬಿಣ, ಪ್ಲಾಸ್ಟಿಕ್ಕು ಅಷ್ಟೇ!"

"ಮಾರೋಕಲ್ಲಪ್ಪಾ, ತೂಕ ನೋಡೋಕೆ!"

"ಮೊದಲು ಎಲ್ಲರೂ ಹಾಗೇ ಅಂತಾರೆ."

ಧೂಳಿಗೆ ಪುಟ್ಟಿಯ ಸೀನು ದುಪ್ಪಟ್ಟಾಯಿತು. ಒಂದೊಂದು ಸೀನಿಗೂ ಮುಳ್ಳು ಕುಣಿದು ಒಂದೊಂದು ತೂಕ ತೋರಿಸಿತು. ಮೇಷ್ಟ್ರ ಕಣ್ಣಲ್ಲೂ ನೀರು. "ಉಸಿರು ಬಿಗಿ ಹಿಡ್ಕೋ, ಪುಟ್ಟೀ!" ಮಗು ಕೆನ್ನೆ ಉಬ್ಬಿಸಿಕೊಂಡು ಕೂತಿತು. ಮುಳ್ಳು ಹದಿನೆಂಟರಲ್ಲಿ ನಿಂತಿತು. ಮೇಷ್ಟ್ರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಔಷಧಿ ಅಂಗಡಿಗೆ ಮರಳಿದರು.

ಸಿರಪ್ಪು ಕೆಲಸ ಮಾಡಿತು. ಸಂಜೆ ರಂಗದ ಮೇಲಿನ ಮರ ಎಲೆಯನ್ನೂ ಅಲ್ಲಾಡಿಸಲಿಲ್ಲ. ಆದರೆ ಗುಜರಿಯ ಧೂಳು ಮೇಷ್ಟ್ರನ್ನು ಬಿಡಬೇಕಲ್ಲ! ನಾಟಕದ ರಾಜ ಪ್ರಾಣ ಬಿಟ್ಟು, ಸಭೆಯೆಲ್ಲ ಗಪ್‌ಚುಪ್ ಆಗಿದ್ದಾಗ, ಮೇಷ್ಟ್ರ ಮೂಗಿನಿಂದ ಒಂದು "ಆಕ್ಷೀ!" ಸಿಡಿಯಿತು. ಸತ್ತ ರಾಜ ಎದ್ದು ಕೂತು ಕಿಸಕ್ಕನೆ ನಕ್ಕ.

ಪರದೆ ಬಿದ್ದ ಮೇಲೆ ಹೆಂಡತಿ ಹಿಡಿದುಕೊಂಡಳು. "ಏನ್ರೀ ಇದು, ಸಿರಪ್ಪು ಮಗಳಿಗೆ, ಸೀನು ನಿಮಗಾ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮರ ವರದಿ ಒಪ್ಪಿಸಿತು. "ಅಮ್ಮಾ, ಅಪ್ಪ ನನ್ನನ್ನ ಗುಜರಿ ಅಂಗಡೀಲಿ ತೂಕಕ್ಕೆ ಹಾಕಿದ್ರು. ಅಂಗಡಿಯವರು ಬೇಡ ಅಂದ್ಬಿಟ್ರು!"

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲಿ ಹಳೇ ಸಾಮಾನಷ್ಟೇ ತಗೊಳ್ಳೋದು ಕಣೇ. ಅಪ್ಪನ್ನ ಕೂರಿಸ್ಬೇಕಿತ್ತು!"