ಕಮಲಾಪುರದ ಹುಳಗಳು ಸತ್ತ ಬಗೆ

ಕೀಟಶಾಸ್ತ್ರಕ್ಕೆ ನಾನು ಹೇಳಿ ಮಾಡಿಸಿದ ಮನುಷ್ಯ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಹೈದರಾಬಾದಿನ ನಮ್ಮ ಪ್ರೊಫೆಸರರಿಗೆ. ಅವರ ವಿಭಾಗದಲ್ಲಿ ಸಂಶೋಧನೆಗೆ ಒಂದೇ ಸೀಟು.

"ತೊಗರಿ ಬೆಳಿ ನೋಡ್ಲಿಕ್ಕೆ ಕಲಬುರಗಿಗೆ ಬರ್ತೀನಿ. ನಿಮ್ಮ ಕಡಿ ಹುಳ ಹಿಡಿದು, ಸ್ವಚ್ಛ ಅಂಟಿಸಿ ಇಡ್ರಿ. ನೋಡಿ ಸೀಟಿನ ಮಾತಾಡೋಣು," ಎಂದಿದ್ದರು. ಬೀದರಿನವರು, ಪಾಠ ಉರ್ದುವಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ.

ತೊಡಕಿದ್ದದ್ದು ಮನೆಯಲ್ಲಿ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಹೊಸ್ತಿಲೊಳಗೆ ಇರುವೆಯನ್ನೂ ಕೊಲ್ಲಕೂಡದೆಂದು ಅಜ್ಜಿಯ ಕಟ್ಟಳೆ.

"ಹುಳ ಓದು, ಬ್ಯಾಡ ಅನ್ನಂಗಿಲ್ಲ. ಜೀವ ತೆಗಿಬ್ಯಾಡ."

"ಸಾಯದಿದ್ರ ಅಂಟಿಸೋದು ಹ್ಯಾಂಗಜ್ಜಿ?"

"ಅದನ್ನ ನಿಮ್ಮ ಪ್ರೊಫೆಸರಗ ಕೇಳು."

ಕೇಳುವ ಧೈರ್ಯವಿದ್ದಿದ್ದರೆ ಸೀಟು ಎಂದೋ ಸಿಗುತ್ತಿತ್ತು. ಸಾಯಿಸುವ ವಿಷಯ ಆಮೇಲೆ ನೋಡೋಣವೆಂದು, ಮೊದಲು ಹುಳ ಹಿಡಿಯಲು ಕಮಲಾಪುರಕ್ಕೆ ಹೋದೆ. ಅಲ್ಲಿ ನನ್ನ ಮಾವನವರ ಕೆಂಪು ಬಾಳೆಯ ತೋಟ. ಬಾಳೆಯ ಗಡ್ಡೆ ಕೊರೆಯುವ ಕರಿ ಹುಳವೊಂದಿದೆ. ಶೇಂಗಾ ಬೀಜದಷ್ಟು ಮೈ, ಮುಂದೆ ಪುಟ್ಟ ಸೊಂಡಿಲು. ಅದರ ಬೆನ್ನ ಮೇಲಿನ ಗೀರುಗಳನ್ನು ನೋಡಿದಾಗಲೆಲ್ಲ ಬೀದರಿನ ಕುಸುರಿ ಕೆಲಸದವರೂ ಇದರ ಮುಂದೆ ತಲೆಬಾಗಬೇಕು ಅನಿಸುತ್ತದೆ. ಸೀಳಿದ ಬಾಳೆದಿಂಡನ್ನು ನೆಲಕ್ಕೆ ಬೋರಲು ಹಾಕಿ, ಬೆಳಗ್ಗೆ ಎತ್ತಿ, ಅಡಿಯಲ್ಲಿ ಸೇರಿದ್ದವನ್ನೆಲ್ಲ ತಗಡಿನ ಡಬ್ಬಿಗೆ ತುಂಬಿಕೊಂಡೆ. ಅದೇ ದಿನ ಮಧ್ಯಾಹ್ನ ಪ್ರೊಫೆಸರರು ನಮ್ಮಲ್ಲಿ ಊಟಕ್ಕೆ ಬರುವವರಿದ್ದರು.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ. ದಾರಿಯಲ್ಲಿ ಬಸ್ಸು ನಿಲ್ಲಿಸಿ ಸಾಮಾನು ನೋಡುತ್ತಿದ್ದರು. ಒಬ್ಬ ಸಿಪಾಯಿ ನನ್ನ ಡಬ್ಬಿ ಕಿವಿಗೆ ಹಿಡಿದ.

"ಕ್ಯಾ ಹೈ?"

"ಕೀಡೇ, ಸಾಬ್. ಪಢನೇ ಕೇ ವಾಸ್ತೇ."

ಹುಳಗಳೂ ಓದುತ್ತವೆಯೇ ಎಂಬಂತೆ ಅವನು ನನ್ನನ್ನು ನೋಡಿ, ಡಬ್ಬಿಯನ್ನು ಚೆನ್ನಾಗಿ ಕುಲುಕಿ ವಾಪಸು ಕೊಟ್ಟ.

ಮನೆಯ ಕಟ್ಟೆಗೆ ಬಂದು ಡಬ್ಬಿ ತೆರೆದರೆ ಎಲ್ಲವೂ ಅಂಗಾತ ಬಿದ್ದಿವೆ. ಕಾಲು ಎದೆಗೆ ಮಡಚಿವೆ. ಒಂದೂ ಮಿಸುಕದು. ಮರುಕವಾಯಿತು. ಮರುಕ್ಷಣವೇ ಆನಂದವೂ ಆಯಿತು.

"ಅಜ್ಜಿ, ಇವನ್ನ ನಾ ಕೊಂದಿಲ್ಲ. ಸರ್ಕಾರ ಕೊಂದದ."

"ಹಂಗಾರ ಒಳಗ ತಾ."

ಆಗ ನನ್ನ ಹೆಂಡತಿ ನೀಲವ್ವ, "ಒಂದರ ಕಾಲು ಅಲುಗಿತು ನೋಡ್ರಿ" ಎಂದಳಂತೆ. "ಗಾಳಿಗೆ" ಎಂದು ನಾನು ಉತ್ತರಿಸಿದೆನಂತೆ. ನನಗೆ ಇದು ನೆನಪಿಲ್ಲ. ನನಗೆ ಅನುಕೂಲವಲ್ಲದ್ದು ಬಹಳಷ್ಟು ನೆನಪಿರುವುದಿಲ್ಲವಾದ್ದರಿಂದ ಅವಳ ಮಾತನ್ನೇ ನಂಬುತ್ತೇನೆ.

ಮನೆಯಲ್ಲಿ ಗೋಂದು ಮುಗಿದಿತ್ತು. ನೀಲವ್ವ ಜೋಳದ ಹಿಟ್ಟು ಕುದಿಸಿ ಅಂಟು ಮಾಡಿಕೊಟ್ಟಳು. ಒಂದೊಂದು ಹುಳವನ್ನೂ ಒಂದೊಂದು ಚೀಟಿಗೆ ಅಂಟಿಸಿ, ಅದರ ಲ್ಯಾಟಿನ್ ಹೆಸರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದೆ. ಅಂಟು ಆರುವ ಮೊದಲೇ ಬಾಗಿಲಿಗೆ ಟಾಂಗಾ ಬಂತು.

ರೊಟ್ಟಿ ಬಡಿಸುವಷ್ಟರಲ್ಲಿ ಪ್ರೊಫೆಸರರು ಪೆಟ್ಟಿಗೆ ಕೇಳಿದರು. ತೆರೆದಿಟ್ಟೆ.

"ಕೆಲಸ ಚಲೋ ಮಾಡೀರಿ," ಎಂದರು. ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ನಾನು ವಿದ್ವಾಂಸ.

"ಮರಣಾನಂತರ ಈ ಕೀಟದ ಕಾಲುಗಳು ಎದೆಯತ್ತ ಮಡಚಿಕೊಳ್ಳುವ ಕ್ರಮವನ್ನು ತಾವು ಗಮನಿಸಬೇಕು," ಎಂದು ಆರಂಭಿಸಿದೆ.

ಮೃತರು ಕಾಲು ಚಾಚಿದರು. ಒಬ್ಬರು ಎದ್ದು ನಿಂತರು. ಹೊಟ್ಟೆಗಂಟಿದ ಚೀಟಿಯನ್ನು, ಅಂದರೆ ತಮ್ಮ ಲ್ಯಾಟಿನ್ ಹೆಸರನ್ನು, ಎಳೆದುಕೊಂಡು ಪೆಟ್ಟಿಗೆಯ ಅಂಚು ದಾಟಿದರು. ಉಳಿದವರೂ ಹೊರಟರು. ಒಬ್ಬರು ತಾಟಿನ ಶೇಂಗಾ ಹಿಂಡಿಯ ಕಡೆ ತಿರುಗಿದರು. ಇನ್ನೊಬ್ಬರು ಹೆಸರುಸಮೇತ ಪ್ರೊಫೆಸರರ ಶೇರ್ವಾನಿಯ ತೋಳು ಹೊಕ್ಕರು!

"ಜೀವ ಅದಾವಲ್ಲೋ," ಅಜ್ಜಿ ಬಾಗಿಲಿನಿಂದ ಹೇಳಿದರು. "ಸರ್ಕಾರಕ್ಕ ಪಾಪ ತಪ್ಪಿತು."

ಸೀಟು ನನ್ನ ಕಣ್ಣೆದುರೇ ತಾಟು ಸುತ್ತಿ ಹೋಗುತ್ತಿತ್ತು. ಪ್ರೊಫೆಸರರು ತೋಳಿನಿಂದ ಹುಳವನ್ನು ಮೆಲ್ಲಗೆ ತೆಗೆದು ಬೆರಳಿನಿಂದ ಮುಟ್ಟಿದರು. ಅದು ಅಂಗಾತ ಬಿದ್ದು ಕಾಲು ಮಡಚಿತು. ಅವರು ಉಸಿರು ಹಿಡಿದು ಕಾದರು. ಅದು ಎದ್ದಿತು. ಮುಟ್ಟಿದರು. ಸತ್ತಿತು. ರೊಟ್ಟಿ ಆರಿತು. ಅಷ್ಟು ದೊಡ್ಡ ಮನುಷ್ಯ ಒಂದು ಹುಳದ ಮುಂದೆ ಹಾಗೆ ಮೈಮರೆತು ಕೂತದ್ದನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

"ವಾಹ್. ಪುಸ್ತಕದಾಗ ಓದಿದ್ದೆ. ಕಣ್ಲೆ ನೋಡಿದ್ದು ಇವತ್ತ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಸತ್ತದ್ದು ಯಾವ್ದು, ಬದುಕಿದ್ದು ಯಾವ್ದು ತಿಳಿಯದವ್ರಿಗೆ ಸೀಟು ಹ್ಯಾಂಗ ಕೊಡ್ಲಿ ಮಿಯಾ? ಈ ಹುಳ ಮಾತ್ರ ನಮ್ಮ ವಿಭಾಗಕ್ಕ ಬೇಕು. ಹುಷಾರಿಂದ ತಗೊಂಡು ಬರ್ರಿ. ಬಂದ ಮ್ಯಾಲೆ ಅದನ್ನ ನೋಡ್ಕೊಳ್ಳಿಕ್ಕೆ ಒಬ್ಬ ಮನುಷ್ಯಾ ಬೇಕಲ್ಲ, ಅಲ್ಲೇ ಇರ್ರಿ."

ನಾನು ಹೈದರಾಬಾದಿಗೆ ಹೊರಟ ದಿನ ಪಕ್ಕದ ಮನೆಯ ಶಾಂತವ್ವ ಕಟ್ಟೆಯ ಮೇಲಿಂದ ಕೇಳಿದರು: "ನೀಲವ್ವಾ, ನಿಮ್ಮವರಿಗಿ ಸೀಟು ಸಿಕ್ತಂತಲ್ಲ?"

"ಹುಳಕ್ಕ ಸಿಕ್ತು ರೀ," ಎಂದಳು ನೀಲವ್ವ. "ಇವ್ರು ಸಂಗಡ ಹೊಂಟಾರ."

ತಿದ್ದಬೇಕೆಂದು ಬಾಯಿ ತೆರೆದೆ. ತಿದ್ದಲು ಏನೂ ಇರಲಿಲ್ಲ. ಡಬ್ಬಿ ಕುಲುಕದಂತೆ ಎದೆಗವಚಿಕೊಂಡು ಟಾಂಗಾ ಹತ್ತಿದೆ.