ನಾನಂದ ಒಂದು ರೈಟ್

ನಮ್ಮ ಕಡೆ ‘ರೈಟ್’ ಅನ್ನೋ ಪದವನ್ನ ಮನೇಲಿ ಅಂದರೆ ‘ಆಗಲಿ, ಒಪ್ಪಿದೆ’ ಅಂತ ಅರ್ಥ. ಬಸ್ಸಲ್ಲಿ ಅಂದರೆ ‘ಎಲ್ಲ ರೆಡಿ, ಹೊರಡು’ ಅಂತ. ಇಷ್ಟು ಸಣ್ಣ ವ್ಯತ್ಯಾಸ ನನಗೆ ಗೊತ್ತಿಲ್ಲದೆ ಏನು?

ಅರಕಲಗೂಡಲ್ಲಿ ಭಾಮೈದನ ಮಗನ ಮದುವೆ. ಚನ್ನರಾಯಪಟ್ಟಣದಲ್ಲಿ ಮಾಡಿಸಿದ ತಾಳಿಯನ್ನು ಮಂಟಪಕ್ಕೆ ಮುಟ್ಟಿಸೋ ಜವಾಬ್ದಾರಿ ನನ್ನ ಹೆಂಡತಿ ಶಾರದೆಯದು. ಅವಳನ್ನು ಮುಟ್ಟಿಸೋದು ನನ್ನದು.

ಹೊಳೆನರಸೀಪುರದ ಸ್ಟ್ಯಾಂಡಲ್ಲಿ ಬಸ್ ನಿಂತಿತು. ಹೂ ತರ್ತೀನಿ ಅಂತ ಶಾರದೆ ಎದ್ದಳು. ತಾಳಿ ಇದ್ದ ಪರ್ಸು ನನ್ನ ಕೈಗೆ ಕೊಡು ಅಂದರೆ ಕೊಡಲಿಲ್ಲ. ನಂಬಿಕೆ ಸಾಲದು! ಅವಳ ಫೋನು ಮಾತ್ರ ಕೊಟ್ಟಳು.

“ನಾನು ಬರೋವರೆಗೂ ಬಸ್ ಬಿಡಿಸ್ಬೇಡಿ.”

“ನಾನಿಲ್ವೇನೇ ಇಲ್ಲಿ? ಆರಾಮಾಗಿ ಹೋಗ್ಬಾ.”

ಅವಳು ಇಳಿದಳು, ನನ್ನ ಫೋನು ಬಡಕೊಂಡಿತು. ಭಾಮೈದ.

“ಭಾವ, ತಾಳಿ ಜ್ವಾಪಾನ. ಮುಹೂರ್ತಕ್ಕೆ ಮುಂಚೆ ಬಂದ್ಬುಡಿ.”

ಬಸ್ಸಲ್ಲಿ ಗಲಾಟೆ. ಅವನಿಗೆ ಕೇಳಿಸಲಿ ಅಂತ ಗಂಟಲೆತ್ತಿ, “ರೈಟ್! ರೈಟ್ ರೈಟ್!” ಅಂದೆ.

ಬಸ್ ಹೊರಟಿತು.

ನಾನು ಮಾತಾಡ್ತಾನೇ ಇದ್ದೆ. ‘ನಾನಿದೀನಿ, ನಿಶ್ಚಿಂತೆಯಿಂದಿರು’ ಅಂತ ಧೈರ್ಯ ಬೇರೆ ತುಂಬಿದೆ. ಫೋನ್ ಇಟ್ಟು ಪಕ್ಕಕ್ಕೆ ನೋಡಿದರೆ ಸೀಟು ಖಾಲಿ. ಹೊರಗೆ ಊರೂ ಖಾಲಿ, ಬರೀ ಹೊಲ.

“ಡ್ರೈವರ್, ನಿಲ್ಸಪ್ಪಾ! ನಮ್ಮನೆಯವಳು ಅಲ್ಲೇ ಉಳಿದ್ಲು.”

“ನೀವೇ ರೈಟ್ ಅಂದ್ರಲ್ಲ ಸಾ?”

“ಅದು ಫೋನಿಗೆ ಅಂದಿದ್ದು ಕಣಯ್ಯ.”

“ಫೋನಿಗೋ ಬಸ್ಸಿಗೋ ನಂಗೆಂಗ್ ಗೊತ್ತಾಯ್ತದೆ ಸಾ?”

ಕಂಡಕ್ಟರ್ ಹಿಂದಿನಿಂದ ಬಂದ. “ನಾನೇಳ್ದಲೇ ಬಸ್ ಎಂಗ್ ಒಂಟ್ತು ಅಂತ ಅವಾಗ್ನಿಂದ ಯೋಚ್ನೆ ಮಾಡ್ತಿದ್ದೆ. ಇಳ್ಕಳಿ ಯಜಮಾನ್ರೇ, ವಾಪಸ್ ಬಸ್ ಬತ್ತದೆ.”

ಇಳಿದೆ. ಯಾವ ಬಸ್ಸೂ ಬರಲಿಲ್ಲ, ಆಟೋ ಕೂಡ ಇಲ್ಲ. ಅತ್ತ ಮುಹೂರ್ತ ಹತ್ತಿರಾಗ್ತಿದೆ, ಇತ್ತ ತಾಳಿ ಹೊಳೆನರಸೀಪುರದಲ್ಲಿ ಮಲ್ಲಿಗೆ ಚೌಕಾಸಿ ಮಾಡ್ತಿದೆ. ಮದುವೆ ನಿಂತುಹೋದರೆ ಈ ಜನ್ಮದಲ್ಲಿ ಆ ಮನೆ ಹೊಸಲು ತುಳಿಯೋ ಹಾಗಿಲ್ಲ. ರೇಷ್ಮೆ ಪಂಚೆ ಎತ್ತಿಕಟ್ಟಿ ಪೇಟೆ ಕಡೆ ಓಡಿದೆ.

ಎದುರಿಂದ ಅರಕಲಗೂಡಿಗೆ ಹೋಗೋ ಇನ್ನೊಂದು ಬಸ್ ಬಂತು. ಕೈ ಅಡ್ಡ ಹಾಕಿದೆ. ನಿಲ್ಲಲಿಲ್ಲ. ಕಿಟಕಿಯಲ್ಲಿ ಶಾರದೆ, ಮಡಿಲಲ್ಲಿ ಪರ್ಸು, ತಲೆ ತುಂಬ ಹೂ. ನನ್ನನ್ನ ನೋಡಿದಳೋ ಇಲ್ಲವೋ, ಇವತ್ತಿಗೂ ಕೇಳೋ ಧೈರ್ಯ ಬಂದಿಲ್ಲ.

ರಸ್ತೆ ಬದಿ ಕಲ್ಲಿನ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಭಾಮೈದನ ಫೋನ್ ಬಂತು. ಹಿಂದೆ ವಾಲಗ ಜೋರಾಗಿತ್ತು.

“ಭಾವ, ತಾಳಿ ಬಂತು, ಕಟ್ಟಿದ್ದೂ ಆಯ್ತು. ನೀವು ಅವಸರ ಮಾಡ್ಕಬ್ಯಾಡಿ. ನೀವಿಲ್ದೆ ಎಲ್ಲಾ ಸಲೀಸಾಗಿ ನಡೀತಾ ಐತೆ.”